ಒಂದೇ ಗೇರು, ದಪ್ಪ ಟೈರು: ಹಳೇ ಎಂಟಿಬಿಯನ್ನು ಹೊಸದಾಗಿ ಕಟ್ಟಿ ಓಡಿಸುವ ಬಗೆ

ಒಂದೇ ಗೇರಿನ ಮೌಂಟನ್ ಬೈಕ್ (ಎಂಟಿಬಿ) ಮಾಡಿಕೊಳ್ಳಬೇಕು ಅಂತ ಬರುವವರು ಮೊದಲು ಕೇಳುವುದು ಒಂದೇ ಪ್ರಶ್ನೆ: "ಹಿಂದಿನ ಚಕ್ರದಲ್ಲಿ ಚೈನ್ ಕೂರುವ ಬಿಲ್ಲೆಗೆ ಎಷ್ಟು ಹಲ್ಲು ಹಾಕಿಸಲಿ? ಹದಿನಾರಾ, ಹದಿನೆಂಟಾ, ಇಪ್ಪತ್ತಾ?" ನಾನು ತಿರುಗಿ ಕೇಳುವುದು ಬೇರೆ. ಟೈರ್ ಯಾವುದು ಹಾಕ್ತೀರಿ? ಅದು ತೀರ್ಮಾನ ಆಗದೆ ಹಲ್ಲಿನ ಮಾತು ಆಡಿ ಉಪಯೋಗ ಇಲ್ಲ. ಒಂದು ಹೊಸ ಚೈನ್ ಕಳೆದುಕೊಂಡು, ಮೊಣಕಾಲಿಗೆ ಪೆಟ್ಟು ತಿಂದು ನಾನು ಇದನ್ನು ಕಲಿತೆ. ನೀವೂ ಹಾಗೇ ಕಲಿಯಬೇಕಾಗಿಲ್ಲ.

ನಾನಿರುವುದು ಧಾರವಾಡದಲ್ಲಿ. ಊರಿನಿಂದ ಪಶ್ಚಿಮಕ್ಕೆ ಹೋದರೆ ಕೆಂಪು ಗರಸು, ಗಿಡಗಂಟಿ, ಏರಿಳಿತ. ಮಲೆನಾಡು ಅಲ್ಲಿಂದಲೇ ಶುರು. ಪೂರ್ವಕ್ಕೆ ನವಲಗುಂದ, ಅಣ್ಣಿಗೇರಿ ಕಡೆ ಹೋದರೆ ಬಟಾಬಯಲು, ಎರೆ ಭೂಮಿ. ಒಂದೇ ಸೈಕಲ್ ಈ ಎರಡೂ ನೆಲಕ್ಕೆ ಆಗಬೇಕು. ನನ್ನದು 26 ಇಂಚು ಚಕ್ರದ ಹಳೇ ಕಬ್ಬಿಣದ ಫ್ರೇಮು. ಮುಂದೆ ಮೂರು, ಹಿಂದೆ ಏಳು ಗೇರು ಇದ್ದವು. ಈಗ ಒಂದೇ ಇದೆ. ಟೈರು 1.95 ಇಂಚಿನದು ಹೋಗಿ 2.35 ಬಂದಿದೆ. ಹೊಸ ಸೈಕಲ್ ಕೊಳ್ಳುವವರಿಗಿಂತ, ಮನೆಯಲ್ಲಿ ಮೂಲೆ ಸೇರಿದ ಎಂಟಿಬಿ ಇರುವವರಿಗೆ ಈ ಲೇಖನ ಜಾಸ್ತಿ ಉಪಯೋಗಕ್ಕೆ ಬರುತ್ತದೆ.

ಈ ಜೋಡಿ ಯಾಕೆ ಕೂಡಿ ಬರುತ್ತದೆ

1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯ ಹುಡುಗರು ಟಮಾಲ್ಪೈಸ್ ಬೆಟ್ಟದ ಮಣ್ಣುದಾರಿಯಲ್ಲಿ ಹಳೇ ಷ್ವಿನ್ ಸೈಕಲ್‌ಗಳನ್ನು ಓಡಿಸುತ್ತಿದ್ದರು. ಹೆಚ್ಚಿನವಕ್ಕೆ ಒಂದೇ ಗೇರು, 2.125 ಇಂಚಿನ ಬಲೂನ್ ಟೈರು, ಪೆಡಲ್ ಹಿಂದಕ್ಕೆ ತುಳಿದರೆ ಹಿಡಿಯುವ ಬ್ರೇಕು. 1976ರಲ್ಲಿ ಅವರು ಶುರು ಮಾಡಿದ ಇಳಿಜಾರಿನ ಓಟಕ್ಕೆ ರಿಪ್ಯಾಕ್, ಅಂದರೆ 'ಮತ್ತೆ ತುಂಬು', ಅಂತ ಹೆಸರು. ಒಂದು ಸಲ ಇಳಿದರೆ ಬ್ರೇಕಿರುವ ಹಬ್ಬಿನ (ಚಕ್ರದ ನಡುವಿನ ಗುಂಬದ) ಒಳಗಿನ ಗ್ರೀಸು ಸುಟ್ಟು ಹೋಗುತ್ತಿತ್ತು. ಹೊಸ ಗ್ರೀಸು ತುಂಬದೆ ಮತ್ತೆ ಇಳಿಯುವ ಹಾಗಿರಲಿಲ್ಲ. ಅದಕ್ಕೇ ಆ ಹೆಸರು. ಇಂದಿನ ಮೌಂಟನ್ ಬೈಕ್ ಬೆಳೆದು ಬಂದದ್ದು ಇಂಥ ಸೈಕಲ್‌ಗಳಿಂದ.

ಅದು ಚರಿತ್ರೆಯಾಯಿತು. ತುಳಿಯುವವನಿಗೆ ಮುಖ್ಯವಾದ ಕಾರಣ ಇನ್ನೊಂದಿದೆ. ಗೇರ್ ಇರುವವರು ಏರಿನಲ್ಲಿ ಸಣ್ಣ ಗೇರಿಗೆ ಹೋಗಿ ನಿಮಿಷಕ್ಕೆ 70-80 ಸುತ್ತು ತುಳಿಯುತ್ತಾರೆ. ಚಕ್ರಕ್ಕೆ ಬಲ ಒಂದೇ ಸಮ ಸಿಗುತ್ತದೆ. ನಮಗೆ ಆ ಅನುಕೂಲ ಇಲ್ಲ. ಏರು ಕಡಿದಾದಂತೆ ಸುತ್ತು 40ಕ್ಕೆ ಇಳಿಯುತ್ತದೆ, ನಾವು ಎದ್ದು ನಿಂತು ಒಂದೊಂದೇ ಪೆಡಲನ್ನು ಒತ್ತುತ್ತೇವೆ. ಪ್ರತಿ ಒತ್ತಿಗೂ ಹಿಂದಿನ ಚಕ್ರಕ್ಕೆ ಒಂದು ಜೋರು ಎಳೆತ, ನಡುವೆ ಒಂದು ಸಡಿಲು. ಸಣಕಲು ಟೈರು, ಗಟ್ಟಿ ಗಾಳಿ ಇದ್ದರೆ ಆ ಜೋರು ಎಳೆತಕ್ಕೇ ಚಕ್ರ ಗರಸಿನ ಮೇಲೆ ಗಿರ್ರಂತ ಜಾರುತ್ತದೆ, ಸೈಕಲ್ ನಿಂತುಬಿಡುತ್ತದೆ. ಟೈರು ಅಗಲವಾಗಿ ಮೆತ್ತಗಿದ್ದರೆ ಅದು ಕಲ್ಲು ಹರಳನ್ನು ಅಪ್ಪಿ ಹಿಡಿಯುತ್ತದೆ. ಕಾಲಲ್ಲಿ ಬಲ ಇದ್ದೂ ಏರು ಹತ್ತಲಾಗದೆ ಇಳಿದು ತಳ್ಳುವವರನ್ನು ಬಹಳ ನೋಡಿದ್ದೇನೆ. ಅವರಲ್ಲಿ ಅರ್ಧ ಜನರಿಗೆ ಬೇಕಿರುವುದು ಬೇರೆ ಗೇರಲ್ಲ, ಬೇರೆ ಟೈರು.

ಮೊದಲು ಜಾಗ ಅಳೆಯಿರಿ

ಸೈಕಲ್ ತಲೆಕೆಳಗೆ ನಿಲ್ಲಿಸಿ. ಪೆಡಲಿನ ಬುಡದಿಂದ ಹಿಂದಿನ ಆಕ್ಸಲ್‌ವರೆಗೆ ಚಕ್ರದ ಎರಡೂ ಪಕ್ಕ ಓಡುವ ಪೈಪುಗಳಿವೆಯಲ್ಲ, ಅವುಗಳ ನಡುವೆ ಟೈರಿನ ಅತಿ ಅಗಲದ ಭಾಗ ಬರುವಲ್ಲಿ ಸ್ಕೇಲ್ ಇಟ್ಟು ಅಂತರ ನೋಡಿ. ಟೈರಿನ ಎರಡೂ ಪಕ್ಕ 6 ಮಿಲಿಮೀಟರ್ ಆದರೂ ಖಾಲಿ ಜಾಗ ಉಳಿಯಬೇಕು. 2.35 ಇಂಚು ಅಂದರೆ ಸುಮಾರು 60 ಮಿ.ಮೀ. ಹಾಗಾದರೆ ಪೈಪುಗಳ ನಡುವೆ 72 ಮಿ.ಮೀ. ಬೇಕು. ಅಷ್ಟಿಲ್ಲದಿದ್ದರೆ 2.1ಕ್ಕೆ ತೃಪ್ತಿಪಡಿ. 1.95ರಿಂದ 2.1ಕ್ಕೆ ಬಂದರೂ ಏರಿನಲ್ಲಿ ವ್ಯತ್ಯಾಸ ಗೊತ್ತಾಗುತ್ತದೆ.

ಅಗಲ ಒಂದೇ ನೋಡಿದರೆ ಸಾಲದು. ಆ ಎರಡು ಪೈಪನ್ನು ಕೂಡಿಸುವ ಅಡ್ಡ ತುಂಡು ಒಂದಿರುತ್ತದೆ, ಪೆಡಲಿನ ಹಿಂದೆ. ಟೈರಿನ ಮೇಲೆ ಉಬ್ಬಿರುವ ರಬ್ಬರ್ ಗುಂಡಿಗಳು ಅದಕ್ಕೆ ತಾಕುತ್ತವೆಯೋ ನೋಡಿ. ಮುಂದಿನ ಫೋರ್ಕಿನ ನೆತ್ತಿಯಲ್ಲೂ ಅಷ್ಟೇ. ಮಡ್‌ಗಾರ್ಡ್ ಇದ್ದರೆ ಅದನ್ನು ಬಿಚ್ಚಬೇಕಾಗಿ ಬರಬಹುದು. ರಿಮ್ಮನ್ನು ಎರಡೂ ಪಕ್ಕದಿಂದ ಒತ್ತಿ ಹಿಡಿಯುವ ವಿ-ಬ್ರೇಕ್ ಇರುವ ಸೈಕಲ್‌ನಲ್ಲಿ ಬ್ರೇಕ್ ಕೇಬಲ್ ಟೈರಿನ ಮೇಲೆ ಹಾದು ಹೋಗುವ ಜಾಗವೂ ಬಿಗಿ.

ಟೈರಿನ ಪಕ್ಕದಲ್ಲಿ ಅಚ್ಚೊತ್ತಿದ ಎರಡು ಅಂಕಿ ಓದುವುದು ಕಲಿಯಿರಿ. 54-559 ಅಂತ ಇದ್ದರೆ 54 ಮಿ.ಮೀ. ಅಗಲ, 559 ಮಿ.ಮೀ. ರಿಮ್ಮಿನ ಅಳತೆ. 559 ಅಂದರೆ 26 ಇಂಚಿನ ಎಂಟಿಬಿ, 584 ಅಂದರೆ 27.5, 622 ಅಂದರೆ 29. ಅಂಗಡಿಯಲ್ಲಿ "ಇಪ್ಪತ್ತಾರು ಇಂಚು" ಅಂತ ಬರೀ ಬಾಯಲ್ಲಿ ಹೇಳಿದರೆ ಬೇರೆ ಅಳತೆಯ ಟೈರು ಕೈಗೆ ಬರಬಹುದು. ಈ ಅಂಕಿ ಹೇಳಿದರೆ ತಪ್ಪಾಗುವುದಿಲ್ಲ.

ರಿಮ್ಮಿನ ಒಳ ಅಗಲವೂ ಲೆಕ್ಕಕ್ಕೆ ಬರುತ್ತದೆ. ಹಳೇ ಎಂಟಿಬಿ ರಿಮ್ಮುಗಳು ಒಳಗೆ 17ರಿಂದ 19 ಮಿ.ಮೀ. ಇರುತ್ತವೆ. ಅವುಗಳ ಮೇಲೆ 2.1 ಆರಾಮಾಗಿ ಕೂರುತ್ತದೆ. 2.35 ಕೊನೆಯ ಮಿತಿ ಅನ್ನುವುದು ನನ್ನ ಅನುಭವ. ಅದಕ್ಕಿಂತ ದಪ್ಪ ಹಾಕಿದರೆ ಟೈರು ಬುಡ ಸಣ್ಣ, ತಲೆ ದಪ್ಪ ಆಗಿ ತಿರುವಿನಲ್ಲಿ ಹೊಯ್ದಾಡುತ್ತದೆ. 2.4-2.6 ಬೇಕಾದರೆ 25-30 ಮಿ.ಮೀ. ರಿಮ್ಮು, 2.8-3.0 ಬೇಕಾದರೆ 35-40 ಮಿ.ಮೀ. ಹುಡುಕಿ. ನಾಲ್ಕು ಇಂಚಿನ ಫ್ಯಾಟ್‌ಬೈಕ್ ಟೈರಿಗೆ ಫ್ರೇಮು, ಫೋರ್ಕು, ಹಬ್ಬು ಎಲ್ಲವೂ ಬೇರೆಯೇ ಬೇಕು. ಹಳೇ ಸೈಕಲ್‌ಗೆ ಆ ಆಸೆ ಬೇಡ.

ಟೈರ್ ಹಾಕಿದ ಮೇಲೆ ಚೈನ್ ಕತ್ತರಿಸಿ

ನನ್ನ ತಪ್ಪು ಆದದ್ದು ಇಲ್ಲಿ. ಟೈರು ಊರಲ್ಲಿ ಸಿಗಲಿಲ್ಲ, ತರಿಸಬೇಕಿತ್ತು. ಬರುವ ತನಕ ಸುಮ್ನೆ ಯಾಕೆ ಕೂರಲಿ ಅಂತ ಹಳೇ 1.95 ಟೈರಿಗೇ ಮುಂದೆ 32, ಹಿಂದೆ 18 ಹಲ್ಲು ಹಾಕಿ, ಚೈನನ್ನು ಬಿಗಿಯಾಗಿ ಕತ್ತರಿಸಿ ಕೂಡಿಸಿದೆ. ನನ್ನ ಫ್ರೇಮಿನಲ್ಲಿ ಆಕ್ಸಲ್ ಕೂರುವ ಸೀಳು ಉದ್ದಕ್ಕಿದೆ, ಚಕ್ರವನ್ನು ಹಿಂದೆ ಮುಂದೆ ಸರಿಸಬಹುದು. ಚೈನ್ ಗಿಡ್ಡ ಆಗಿದ್ದರಿಂದ ಆಕ್ಸಲ್ ಸೀಳಿನ ತೀರಾ ಮುಂದಕ್ಕೆ ಬಂತು. ಒಂದು ವಾರ ಓಡಿಸಿದೆ, ಚೆನ್ನಾಗಿತ್ತು. ಹೊಸ ಟೈರು ಬಂತು. ಹಾಕಿ ಚಕ್ರ ತಿರುಗಿಸಿದರೆ ತಿರುಗಲೇ ಇಲ್ಲ. ಗುಂಡಿಗಳು ಅಡ್ಡ ಪೈಪಿಗೆ ಒತ್ತಿ ನಿಂತಿದ್ದವು.

ಕತ್ತರಿಸಿದ ತುಂಡನ್ನು ಹಳೇ ಪಿನ್ನಿನಲ್ಲೇ ಮತ್ತೆ ಕೂಡಿಸಿದೆ. ಚಕ್ರ ಹಿಂದಕ್ಕೆ ಹೋಯಿತು, ಟೈರು ತಿರುಗಿತು. ನಾಲ್ಕು ದಿನ ಬಿಟ್ಟು ನುಗ್ಗಿಕೇರಿ ಕಡೆಯ ಒಂದು ಏರಿನಲ್ಲಿ ನಿಂತು ತುಳಿಯುವಾಗ ಅದೇ ಪಿನ್ ಬಿಚ್ಚಿ ಚೈನ್ ತುಂಡಾಯಿತು. ಕಾಲಡಿಯ ಬಲ ಒಮ್ಮೆಲೇ ಮಾಯ, ಮೊಣಕಾಲು ಹ್ಯಾಂಡಲ್ ಬುಡಕ್ಕೆ ಬಡಿಯಿತು.

ಸೈಕಲ್ ತಳ್ಳಿಕೊಂಡು ನಾನು ಯಾವಾಗಲೂ ಹೋಗುವ ಮೆಕ್ಯಾನಿಕ್ ಕಾಕಾನ ಹತ್ತಿರ ಹೋದೆ. ಹಾಲಿನವರ, ಪೇಪರ್ ಹುಡುಗರ ಸೈಕಲ್‌ಗಳನ್ನು ವರ್ಷಾನುಗಟ್ಟಲೆ ರಿಪೇರಿ ಮಾಡಿದ ಕೈ ಅದು. ಚೈನ್ ಕೈಯಲ್ಲಿ ಹಿಡಿದು ನೋಡಿ, "ತಮ್ಮಾ, ಮೊದಲ ಟೈರ್ ಹಾಕ್ಬೇಕು, ಗಾಳಿ ತುಂಬ್ಬೇಕು, ಗಾಲಿ ಎಲ್ಲಿ ನಿಲ್ತೈತಿ ನೋಡ್ಬೇಕು. ಚೈನ್ ಕಡಿಯೂದು ಕಟ್ಟಕಡೀಗೆ" ಅಂದರು. "ಹಳೇ ಪಿನ್ನ ನಡಿಯಂಗಿಲ್ಲೇನ್ರಿ ಕಾಕಾ?" ಅಂದೆ. "ಹಳೇ ದಪ್ಪ ಚೈನಿಗೆ ನಡೀತಿತ್ತು. ಈಗಿನ ತೆಳ್ಳನ ಚೈನಿಗೆ ನಡಿಯಂಗಿಲ್ಲ." ಗೇರ್ ಸೈಕಲ್‌ನ ಚೈನಿಗೆ ಕೈಯಲ್ಲೇ ಹಾಕಿ ತೆಗೆಯುವ ಕ್ವಿಕ್ ಲಿಂಕ್ ಬಳಸಿ. ಅಂದಿನಿಂದ ನಾನು ಹಳೇ ಪಿನ್ ಮುಟ್ಟಿಲ್ಲ.

ಇದರ ಹಿಂದಿನ ಲೆಕ್ಕ ಸುಲಭ. ಚೈನಿನ ಒಂದು ಜೋಡಿ ಕೊಂಡಿ ಅಂದರೆ ಒಂದು ಇಂಚು. ಒಂದು ಜೋಡಿ ತೆಗೆದರೆ ಆಕ್ಸಲ್ 12.7 ಮಿ.ಮೀ. ಮುಂದಕ್ಕೆ ಬರುತ್ತದೆ. ಹಿಂದೆ ಒಂದು ಹಲ್ಲು ಜಾಸ್ತಿ ಮಾಡಿದರೆ ಆಕ್ಸಲ್ ಸುಮಾರು 3 ಮಿ.ಮೀ. ಮುಂದಕ್ಕೆ ಬರುತ್ತದೆ. ಅಂದರೆ ಹಲ್ಲಿನ ಆಯ್ಕೆಗೂ ಟೈರಿನ ಜಾಗಕ್ಕೂ ನೇರ ಸಂಬಂಧ ಇದೆ. ದಪ್ಪ ಟೈರು ಹಾಕುವವರು ಆಕ್ಸಲ್ ಸೀಳಿನ ನಡುವೆ ಅಥವಾ ಸ್ವಲ್ಪ ಹಿಂದೆ ನಿಲ್ಲುವ ಹಾಗೆ ಚೈನ್ ಉದ್ದ ಇಡಬೇಕು. ಸೀಳು ನೆಟ್ಟಗೆ ಕೆಳಮುಖ ಇರುವ ಫ್ರೇಮುಗಳಲ್ಲಿ ಆಕ್ಸಲ್ ಸರಿಯುವುದಿಲ್ಲ, ಟೈರಿನ ಜಾಗವೂ ಬದಲಾಗುವುದಿಲ್ಲ. ಅಲ್ಲಿ ಚೈನಿನ ಸಡಿಲ ಹಿಡಿಯಲು ಟೆನ್ಷನರ್ ಅನ್ನುವ ಪುಟ್ಟ ಗಾಲಿ ಹಾಕಬೇಕು. ಚೈನನ್ನು ಗೇರಿನಿಂದ ಗೇರಿಗೆ ಸರಿಸುತ್ತಿದ್ದ ಹಳೇ ಹಿಂದಿನ ಡಿರೇಲರನ್ನೇ ಒಂದು ಜಾಗದಲ್ಲಿ ನಿಲ್ಲಿಸಿ ಬಳಸಬಹುದು. ಅದರ ಸಣ್ಣ ಸ್ಕ್ರೂ ತಿರುಗಿಸಿ ಗಾಲಿಯನ್ನು ಹಿಂದಿನ ಹಲ್ಲಿನ ನೇರಕ್ಕೆ ತನ್ನಿ. ಶುರು ಮಾಡುವವರಿಗೆ ಇದು ಖರ್ಚಿಲ್ಲದ ದಾರಿ.

ಎಷ್ಟು ಹಲ್ಲು: ಈಗ ಆ ಪ್ರಶ್ನೆ

ಹೊಸ ಟೈರಿಗೆ ಗಾಳಿ ತುಂಬಿ, ಟೈರಿನ ಮೇಲೆ ಒಂದು ಕಡೆ ಸೀಮೆಸುಣ್ಣದ ಗೆರೆ ಎಳೆಯಿರಿ. ಸೈಕಲ್ ಮೇಲೆ ಕೂತು, ಯಾರಾದರೂ ಹಿಡಿದುಕೊಂಡಿರುವಾಗ, ನೆಲದ ಮೇಲೆ ಒಂದು ಪೂರ್ತಿ ಸುತ್ತು ಉರುಳಿಸಿ. ಎರಡು ಗುರುತಿನ ನಡುವಿನ ದೂರ ಅಳೆಯಿರಿ. ನನ್ನ 26×2.35ಕ್ಕೆ 2.1 ಮೀಟರ್ ಬಂತು. 1.95ರಿಂದ 2.35ಕ್ಕೆ ಹೋದಾಗ ಚಕ್ರದ ವ್ಯಾಸ ಸುಮಾರು 20 ಮಿ.ಮೀ. ಬೆಳೆಯುತ್ತದೆ, ಅಂದರೆ ಗೇರು ತಾನಾಗಿ ಶೇಕಡ 3ರಷ್ಟು ಭಾರವಾಗುತ್ತದೆ. ಹಿಂದೆ ಅರ್ಧ ಹಲ್ಲು ಕಮ್ಮಿ ಮಾಡಿದಷ್ಟು. ಚಿಕ್ಕದು ಅನ್ನಿಸಬಹುದು. ಆದರೆ ಒಂದೇ ಗೇರು ಇರುವವನಿಗೆ ಏರಿನ ಕೊನೆಯ ಹತ್ತು ಮೀಟರ್‌ನಲ್ಲಿ ಅದು ಚಿಕ್ಕದಲ್ಲ.

ಆಮೇಲೆ ಮುಂದಿನ ಹಲ್ಲನ್ನು ಹಿಂದಿನ ಹಲ್ಲಿನಿಂದ ಭಾಗಿಸಿ, ಆ ಅಳತೆಯಿಂದ ಗುಣಿಸಿ. ಒಂದು ಸುತ್ತು ಪೆಡಲ್ ತುಳಿದರೆ ಎಷ್ಟು ಮುಂದೆ ಹೋಗುತ್ತೀರಿ ಅಂತ ಸಿಗುತ್ತದೆ. 32ಕ್ಕೆ 16 ಹಾಕಿದರೆ 4.2 ಮೀಟರ್. 32ಕ್ಕೆ 18 ಆದರೆ 3.7. 32ಕ್ಕೆ 20 ಆದರೆ 3.4ರ ಹತ್ತಿರ. ಹೋಲಿಸಿ ನೋಡಲಿ ಅಂತ ಕಾಕಾನ ಅಂಗಡಿ ಮುಂದೆ ನಿಂತಿದ್ದ ಹಾಲಿನವರ ಸೈಕಲ್ಲಿನ ಹಲ್ಲು ಎಣಿಸಿದೆ: ಮುಂದೆ 44, ಹಿಂದೆ 18. 28 ಇಂಚಿನ ಆ ದೊಡ್ಡ ಚಕ್ರಕ್ಕೆ ಒಂದು ತುಳಿತಕ್ಕೆ ಸುಮಾರು 5.4 ಮೀಟರ್. ಡಾಂಬರಿನಲ್ಲಿ ಕ್ಯಾನು ಕಟ್ಟಿಕೊಂಡು ನಿಧಾನ ಹೋಗಲು ಅದು ಸರಿ. ಗರಸಿನ ಏರಿಗೆ ಅದು ಆಗದು. ಅಲ್ಲಿ ಹಾಲಿನವರೂ ಇಳಿದು ತಳ್ಳುತ್ತಾರೆ, ಅಲ್ವಾ?

ನನ್ನ ಸಲಹೆ ಹೀಗಿದೆ. ನಿಮ್ಮದು ಹೆಚ್ಚು ಬಯಲು, ಚಕ್ಕಡಿ ದಾರಿ ಆದರೆ 4 ಮೀಟರ್ ಆಸುಪಾಸು. ಏರಿಳಿತ ಬೆರೆತಿದ್ದರೆ 3.7. ಸಹ್ಯಾದ್ರಿಯ ಕಾಫಿ ತೋಟದ ರಸ್ತೆಯಂಥ ಏರಾದರೆ 3.3. ಕಾಲು ಎಷ್ಟೇ ಗಟ್ಟಿ ಇರಲಿ, ಮೊದಲ ಎರಡು ತಿಂಗಳು ಒಂದು ಮೆಟ್ಟಿಲು ಹಗುರ ಗೇರನ್ನೇ ಹಾಕಿ. ಮೊಣಕಾಲಿನ ಚಿಪ್ಪಿನ ಮುಂಭಾಗ ನೋಯುತ್ತಿದ್ದರೆ ಗೇರು ಭಾರ ಅಂತ, ಇಲ್ಲವೇ ಸೀಟು ತಗ್ಗು ಅಂತ ತಿಳಿಯಿರಿ. ನೋವು ಸಹಿಸಿ ತುಳಿಯುವುದು ಬೇಡ.

29 ಇಂಚಿನ ಸೈಕಲ್ ಇರುವವರು ಗಮನಿಸಿ: ನನಗೆ 18 ಹಲ್ಲು ಕೊಡುವುದನ್ನು ನಿಮಗೆ 20 ಹಲ್ಲು ಕೊಡುತ್ತದೆ. ಗೆಳೆಯರ ಅಂಕಿಯನ್ನು ಚಕ್ರದ ಅಳತೆ ಕೇಳದೆ ನಕಲು ಮಾಡಬೇಡಿ.

ವೇಗದ ಬಗ್ಗೆ ಕೇಳುವವರಿಗೆ: 3.7 ಮೀಟರಿನ ಗೇರಿನಲ್ಲಿ ನಿಮಿಷಕ್ಕೆ 80 ಸುತ್ತು ತುಳಿದರೆ ಗಂಟೆಗೆ 18 ಕಿಲೋಮೀಟರ್ ಹತ್ತಿರ. 90 ಸುತ್ತಿಗೆ 20. ಅದರ ಮೇಲೆ ಕಾಲು ಗಿರಗಿಟ್ಟಲೆಯಾಗುತ್ತದೆ. ಡಾಂಬರಿನಲ್ಲಿ ಗೇರಿನವರು ಮುಂದೆ ಹೋಗುತ್ತಾರೆ, ಹೋಗಲಿ.

ಬಿಚ್ಚುವುದು, ಕೂಡಿಸುವುದು

ಎರಡೂ ಡಿರೇಲರು, ಶಿಫ್ಟರು, ಅವುಗಳ ಕೇಬಲ್ ತೆಗೆಯಿರಿ. ಟೆನ್ಷನರ್ ಆಗಿ ಬಳಸುವುದಾದರೆ ಹಿಂದಿನದು ಇರಲಿ. ಮುಂದೆ ಮೂರರಲ್ಲಿ ನಡುವಿನ 32 ಹಲ್ಲಿನ ರಿಂಗ್ ಮಾತ್ರ ಉಳಿಸಿ. ದೊಡ್ಡ ರಿಂಗನ್ನೂ ನಡುವಿನದನ್ನೂ ಕೂಡಿ ಹಿಡಿದಿದ್ದ ಬೋಲ್ಟು ಈಗ ಉದ್ದವಾಗುತ್ತದೆ, ಗಿಡ್ಡ ಬೋಲ್ಟು ಬೇಕು.

ಹಿಂದೆ ಎರಡು ಬಗೆ ಇದೆ. ನಿಮ್ಮ ಹಬ್ಬಿನಲ್ಲಿ ಕ್ಯಾಸೆಟ್ (ಜಾರಿಸಿ ಕೂರಿಸುವ ಹಲ್ಲಿನ ಬಿಲ್ಲೆಗಳ ಕಟ್ಟು) ಇದ್ದರೆ ಲಾಕ್‌ರಿಂಗ್ ಬಿಚ್ಚಿ, ಹಲ್ಲುಗಳನ್ನೆಲ್ಲ ತೆಗೆದು, ಒಂದು ಹಲ್ಲಿನ ಬಿಲ್ಲೆ ಹಾಕಿ, ಎರಡೂ ಪಕ್ಕ ಖಾಲಿ ಜಾಗಕ್ಕೆ ಸ್ಪೇಸರ್ ಬಳೆ ತುಂಬಿ ಮತ್ತೆ ಬಿಗಿಯಬೇಕು. ಹಳೇ ಕ್ಯಾಸೆಟ್ಟಿನ ಒಂದು ಬಿಲ್ಲೆಯನ್ನೇ ಬಳಸುವ ಆಸೆ ಬರುತ್ತದೆ. ಅದರ ಹಲ್ಲುಗಳನ್ನು ಚೈನ್ ಸುಲಭವಾಗಿ ಪಕ್ಕಕ್ಕೆ ಜಿಗಿಯಲಿ ಅಂತಲೇ ಕೊರೆದಿರುತ್ತಾರೆ. ನಮಗೆ ಜಿಗಿಯಬಾರದು. ಎತ್ತರ ಹಲ್ಲಿನ, ಬುಡ ಅಗಲ ಇರುವ ಸಿಂಗಲ್‌ಸ್ಪೀಡ್ ಬಿಲ್ಲೆಯನ್ನೇ ಕೊಳ್ಳಿ. ಬುಡ ಅಗಲ ಇದ್ದರೆ ನಿಂತು ತುಳಿಯುವಾಗ ಅಲ್ಯೂಮಿನಿಯಂ ಹಬ್ಬನ್ನು ಕಚ್ಚಿ ಗಾಯ ಮಾಡುವುದಿಲ್ಲ.

ಕಡಿಮೆ ಬೆಲೆಯ ಸೈಕಲ್‌ಗಳಲ್ಲಿ ಹಬ್ಬಿಗೆ ತಿರುಪಿ ಕೂರಿಸುವ ಫ್ರೀವೀಲ್ ಇರುತ್ತದೆ. ಅದನ್ನು ಬಿಚ್ಚುವ ಉಪಕರಣ ಹಾಕಿ ವೈಸಿನಲ್ಲಿ ಹಿಡಿದು ಇಡೀ ಚಕ್ರವನ್ನು ತಿರುಗಿಸಿದರೆ ಬರುತ್ತದೆ. ಒಂಟಿ ಫ್ರೀವೀಲು ಸಾದಾ ಸೈಕಲ್ ಅಂಗಡಿಯಲ್ಲೇ ಸಿಗುತ್ತದೆ. ಇದು ಹಬ್ಬಿಗೆ ಅಂಟಿಕೊಂಡು ಒಳಗೆ ಕೂರುತ್ತದೆ, ಹಾಗಾಗಿ ಮುಂದಿನ ರಿಂಗನ್ನೂ ಒಳಕ್ಕೆ ತರಬೇಕಾಗಬಹುದು. ಸಾದಾ ಸೈಕಲ್ಲಿನ ಬಿಲ್ಲೆ ದಪ್ಪ. ಅದಕ್ಕೆ ಗೇರ್ ಸೈಕಲ್ಲಿನ ತೆಳ್ಳಗಿನ ಚೈನ್ ಕೂರುವುದಿಲ್ಲ, ಸಾದಾ ಸೈಕಲ್ಲಿನ ದಪ್ಪ ಚೈನೇ ಬೇಕು.

ಎಲ್ಲ ಆದ ಮೇಲೆ ಸೈಕಲ್ ಹಿಂದೆ ಕುಕ್ಕರುಗಾಲಲ್ಲಿ ಕೂತು ಒಂದು ಕಣ್ಣು ಮುಚ್ಚಿ ನೋಡಿ. ಹಿಂದಿನ ಬಿಲ್ಲೆಯಿಂದ ಮುಂದಿನ ರಿಂಗಿಗೆ ಚೈನ್ ದಾರ ಹಿಡಿದ ಹಾಗೆ ನೇರ ಹೋಗಬೇಕು. ಸೊಟ್ಟ ಕಂಡರೆ ಸ್ಪೇಸರ್ ಆ ಕಡೆಯದು ಈ ಕಡೆ ಹಾಕಿ. ದಪ್ಪ ಟೈರಿನವರು ಚೈನ್ ಟೈರಿಗೆ ತಾಕುತ್ತದೆಯೋ ಅಂತಲೂ ನೋಡಬೇಕು.

ಚೈನ್ ಬಿಗಿ ಮಾಡುವಾಗ ನಡುವೆ ಬೆರಳಿಟ್ಟು ಮೇಲೆ ಕೆಳಗೆ ಆಡಿಸಿದರೆ ಒಟ್ಟು ಅರ್ಧ ಇಂಚು ಆಡಬೇಕು. ಮುಂದಿನ ರಿಂಗ್ ಪೂರ್ತಿ ದುಂಡಗೆ ಇರುವುದಿಲ್ಲ. ಪೆಡಲ್ ನಿಧಾನವಾಗಿ ತಿರುಗಿಸುತ್ತಾ ಎಲ್ಲಿ ಅತಿ ಬಿಗಿಯಾಗುತ್ತದೋ ಆ ಜಾಗದಲ್ಲಿ ಈ ಅಳತೆ ನೋಡಿ. ವೀಣೆಯ ತಂತಿ ಹಾಗೆ ಬಿಗಿದರೆ ಬೇರಿಂಗ್ ಹಾಳಾಗುತ್ತದೆ. ಆಕ್ಸಲ್ ಉದ್ದ ಸೀಳಿನಲ್ಲಿ ಕೂರುವ ಫ್ರೇಮಾದರೆ ಸನ್ನೆ ಮಡಚಿ ಬಿಗಿಯುವ ಕ್ವಿಕ್ ರಿಲೀಸ್ ಒಂದನ್ನೇ ನಂಬಬೇಡಿ. ನಿಂತು ತುಳಿದಾಗ ಆಕ್ಸಲ್ಲಿನ ಬಲತುದಿ ಮುಂದಕ್ಕೆ ಎಳೆದುಕೊಂಡು ಚಕ್ರ ಓರೆಯಾಗುತ್ತದೆ. ನಟ್ ಇರುವ ಆಕ್ಸಲ್ ಒಳ್ಳೆಯದು. ಸಾದಾ ಸೈಕಲ್ಲಿನಲ್ಲಿ ಇರುವ ಚೈನ್ ಅಡ್ಜಸ್ಟರ್ ಹಾಕಿದರೆ ಇನ್ನೂ ಒಳ್ಳೆಯದು.

ಗಾಳಿ

ದಪ್ಪ ಟೈರಿಗೆ ಹಣ ಹಾಕಿ, ಅದಕ್ಕೆ 50 ಪಿಎಸ್‌ಐ ಗಾಳಿ ತುಂಬಿಸಿಕೊಂಡು ಬರುವವರನ್ನು ನೋಡಿದರೆ ನನಗೆ ನಿಜಕ್ಕೂ ಬೇಜಾರಾಗುತ್ತದೆ. ಅಗಲ ಇರುವುದೇ ಗಾಳಿ ಕಮ್ಮಿ ಇಡಲಿಕ್ಕೆ. ಗಟ್ಟಿ ತುಂಬಿದರೆ ಅದು ಗರಸಿನ ಮೇಲೆ ಚೆಂಡಿನ ಹಾಗೆ ಪುಟಿಯುತ್ತದೆ.

70 ಕಿಲೋ ತೂಕದವರು, 2.35 ಟೈರು, ಒಳಗೆ ಟ್ಯೂಬು: ಮುಂದೆ 23, ಹಿಂದೆ 26 ಪಿಎಸ್‌ಐನಿಂದ ಶುರು ಮಾಡಿ. ತೂಕ ಜಾಸ್ತಿ ಇದ್ದರೆ ಎರಡು-ಮೂರು ಸೇರಿಸಿ. 2.1 ಟೈರಿಗೆ 30ರ ಆಸುಪಾಸು. ಟ್ಯೂಬ್‌ಲೆಸ್ ಮಾಡಿಸಿದ್ದರೆ ಇದಕ್ಕಿಂತ ಮೂರು-ನಾಲ್ಕು ಕಮ್ಮಿ ನಡೆಯುತ್ತದೆ. ಪೆಟ್ರೋಲ್ ಬಂಕಿನ ಗಾಳಿ ಬೇಡ, ಕೈ ಪಂಪೂ ಒಂದು ಸಣ್ಣ ಗೇಜೂ ಮನೆಯಲ್ಲಿರಲಿ. ಒಂದೇ ಗೇಜಿನಲ್ಲಿ ಯಾವಾಗಲೂ ನೋಡಿ, ಗೇಜಿನಿಂದ ಗೇಜಿಗೆ ವ್ಯತ್ಯಾಸ ಇರುತ್ತದೆ.

ಆಮೇಲೆ ನಿಮಗೆ ಗೊತ್ತಿರುವ ಒಂದೇ ಏರಿಗೆ ಮೂರು ಸಲ ಹೋಗಿ. ಪ್ರತಿ ಸಲ 2 ಪಿಎಸ್‌ಐ ಇಳಿಸಿ. ಒಂದು ಹಂತದಲ್ಲಿ ಹಿಂದಿನ ಚಕ್ರ ಜಾರುವುದು ನಿಲ್ಲುತ್ತದೆ. ಅದರ ಕೆಳಗೂ ಇಳಿಸಿದರೆ, ನಿಂತು ತುಳಿಯುವಾಗ ಸೈಕಲ್ಲಿನ ಹಿಂಭಾಗ ಎಡಕ್ಕೊಮ್ಮೆ ಬಲಕ್ಕೊಮ್ಮೆ ಬಳುಕುತ್ತದೆ. ಕೂತು ತುಳಿಯುವ ಗೇರಿನವರಿಗೆ ಇದು ಅಷ್ಟಾಗಿ ತಿಳಿಯುವುದಿಲ್ಲ. ನಮಗೆ ಕಾಲಿನ ಬಲ ಅದರಲ್ಲೇ ಸೋರಿ ಹೋಗುತ್ತದೆ. ಬಳುಕು ಶುರುವಾದ ಜಾಗದಿಂದ 2 ಪಿಎಸ್‌ಐ ಮೇಲಕ್ಕೆ ಬನ್ನಿ. ನಿಮ್ಮ ಅಂಕಿ ಅದೇ, ಬರೆದಿಟ್ಟುಕೊಳ್ಳಿ. ಕಲ್ಲಿನ ಮೇಲೆ ಹಾದಾಗ ರಿಮ್ಮು ಟಕ್ ಅಂತ ಬಡಿದ ಸದ್ದು ಕೇಳಿದರೂ ಗಾಳಿ ಕಮ್ಮಿ ಅಂತಲೇ ಅರ್ಥ. ಆಗ ಟ್ಯೂಬಿನಲ್ಲಿ ಹಾವು ಕಚ್ಚಿದ ಹಾಗೆ ಅಕ್ಕಪಕ್ಕ ಎರಡು ತೂತು ಬೀಳುತ್ತವೆ.

ಏರು ಹತ್ತುವುದು

ಏರು ಶುರುವಾಗುವ ಮೊದಲೇ ಏರಿನ ಕೆಲಸ ಶುರುವಾಗುತ್ತದೆ. ಮೂವತ್ತು ಮೀಟರ್ ಹಿಂದಿನಿಂದಲೇ ಕಾಲಿನ ಸುತ್ತು ಹೆಚ್ಚಿಸಿ. ಅದೇ ಓಟದಲ್ಲಿ ಮೊದಲ ಭಾಗ ಕೂತೇ ಹತ್ತಿ. ಬೇಗ ಎದ್ದರೆ ದಮ್ಮು ಬೇಗ ಮುಗಿಯುತ್ತದೆ. ಸುತ್ತು 50ಕ್ಕೆ ಇಳಿದಾಗ ಎದ್ದು ನಿಲ್ಲಿ.

ನಿಂತಾಗ ಎಲ್ಲರೂ ಮಾಡುವ ತಪ್ಪು, ಹ್ಯಾಂಡಲ್ ಮೇಲೆ ಬಾಗಿ ಮೈಭಾರವನ್ನೆಲ್ಲ ಮುಂದೆ ಹಾಕುವುದು. ಹಿಂದಿನ ಚಕ್ರ ಹಗುರಾಗಿ ಜಾರುತ್ತದೆ. ಸೊಂಟ ಸೀಟಿನ ಮೂಗಿನ ನೇರಕ್ಕೇ ಇರಲಿ. ಸೀಟಿನ ತುದಿ ತೊಡೆಗೆ ಆಗಾಗ ತಾಕುತ್ತಿರಬೇಕು, ಅದು ನಿಮಗೆ ಗುರುತು. ಮೊಣಕೈ ಮಡಚಿ, ಎದೆ ತಗ್ಗಿಸಿ. ಬಲಗಾಲು ಒತ್ತುವಾಗ ಬಲಗೈ ಹ್ಯಾಂಡಲನ್ನು ತನ್ನತ್ತ ಎಳೆಯಲಿ. ಬಾವಿಯಿಂದ ನೀರು ಸೇದುವಾಗ ಕೈ ಬದಲಿಸುತ್ತೀರಲ್ಲ, ಅದೇ ಲಯ. ಇದಕ್ಕೆ ಹ್ಯಾಂಡಲ್ ಅಗಲ ಇದ್ದಷ್ಟೂ ಒಳ್ಳೆಯದು. ನಾನು 740 ಮಿ.ಮೀ. ಹಾಕಿಸಿದ ಮೇಲೆ ಬೆನ್ನಿಗೆ ಆರಾಮವಾಯಿತು.

ಸಡಿಲ ಹರಳಿನ ಜಾಗ ಬಂದಾಗ ಜೋರಾಗಿ ಒತ್ತಬೇಡಿ. ಪೆಡಲಿನ ಸುತ್ತು ಪೂರ್ತಿ ಮಾಡುವ ಹಾಗೆ, ಮೇಲಿನಿಂದ ಮುಂದಕ್ಕೆ ತಳ್ಳಿ, ಕೆಳಗೆ ಬಂದಾಗ ಹಿಂದಕ್ಕೆ ಕೆರೆಯಿರಿ. ಟೈರಿಗೆ ಹಿಡಿಯಲು ಸಮಯ ಕೊಡಿ. ದೊಡ್ಡ ಕಲ್ಲು ಅಡ್ಡ ಬಂದರೆ ಪೆಡಲ್ ಕೆಳಗೆ ಬಡಿಯದ ಹಾಗೆ ಅರ್ಧ ಸುತ್ತು ಹಿಂದಕ್ಕೆ ತಿರುಗಿಸಿ ಮತ್ತೆ ಮುಂದೆ ಒತ್ತಿ.

ದಾರಿ ಆರಿಸುವ ಕಣ್ಣು ಗೇರಿನವರಿಗಿಂತ ನಮಗೆ ಬೇರೆ ಬೇಕು. ಅವರು ನುಣುಪು ದಾರಿ ಹುಡುಕುತ್ತಾರೆ. ನಾವು ವೇಗ ಕಳೆಯದ ದಾರಿ ಹುಡುಕಬೇಕು. ದಪ್ಪ ಟೈರು ಇರುವುದರಿಂದ ಸಣ್ಣ ಕಲ್ಲು, ಬೇರುಗಳ ಮೇಲೆ ನೇರ ಹೋಗಬಹುದು, ಸುತ್ತು ಹಾಕುವ ಅಗತ್ಯ ಇಲ್ಲ. ಚಕ್ಕಡಿ ಜಾಡಿನೊಳಗೆ ಮಾತ್ರ ಇಳಿಯಬೇಡಿ, ಟೈರಿನ ಪಕ್ಕ ಉಜ್ಜಿ ಓಟ ಕೊಲ್ಲುತ್ತದೆ. ಎರಡು ಜಾಡಿನ ನಡುವೆ, ಎತ್ತು ನಡೆಯುವ ಸಾಲಿನಲ್ಲಿ ಹೋಗಿ.

ಇಳಿಜಾರಿನಲ್ಲಿ ಎರಡು ಪೆಡಲೂ ಸಮ ಎತ್ತರ, ಮೊಣಕಾಲು ಸಡಿಲ, ಸೊಂಟ ಹಿಂದೆ. ತಿರುವಿಗೆ ಮೊದಲೇ ಬ್ರೇಕ್ ಹಿಡಿದು ಮುಗಿಸಿ, ತಿರುವಿನೊಳಗೆ ಬಿಡಿ. ಸುಮ್ನೆ ಬ್ರೇಕ್ ಹಿಡಿದು ಕಳೆದ ವೇಗವನ್ನು ಮುಂದಿನ ಏರಿನಲ್ಲಿ ಕಾಲೇ ತುಂಬಿಕೊಡಬೇಕಾಗುತ್ತದೆ.

ಹತ್ತಲಾಗದ ಏರು ಬಂದೇ ಬರುತ್ತದೆ. ಇಳಿದು ನಡೆಯಿರಿ. ಒಂದೇ ಗೇರಿನ ಸವಾರಿಯಲ್ಲಿ ನಡಿಗೆ ಒಂದು ಭಾಗ. ಮೊಣಕಾಲು ಉಳಿಯುತ್ತದೆ, ಮೇಲೆ ಹೋದ ಮೇಲೆ ತುಳಿಯಲು ದಮ್ಮೂ ಇರುತ್ತದೆ.

ನೆಗ್ಗಿಲು, ಜಾಲಿ, ಎರೆ ಮಣ್ಣು

ಟೈರು ಅಗಲವಾದಷ್ಟೂ ಮುಳ್ಳಿಗೆ ಸಿಗುವ ಜಾಗ ಜಾಸ್ತಿ. ಬಳ್ಳಾರಿ ಜಾಲಿಯ ಉದ್ದ ಮುಳ್ಳು ಕಣ್ಣಿಗೆ ಕಾಣುತ್ತದೆ. ನೆಗ್ಗಿಲ ಮುಳ್ಳು ಕಾಣುವುದಿಲ್ಲ. ಒಂದನ್ನು ಅಂಗೈಯಲ್ಲಿ ಇಟ್ಟು ನೋಡಿ: ಕಡಲೆ ಕಾಳಿನಷ್ಟು ದೊಡ್ಡದು, ಒಣಗಿ ಬೂದು ಬಣ್ಣ, ಹೇಗೆ ಹೊರಳಿಸಿ ಇಟ್ಟರೂ ಒಂದು ಕೊಂಬು ಮೇಲಕ್ಕೇ ನಿಲ್ಲುತ್ತದೆ. ಹೊಲದ ಬದುವಿನಲ್ಲಿ ಹತ್ತು ಮೀಟರ್ ಹೋದರೆ ಟೈರಿನಲ್ಲಿ ಏಳೆಂಟು ಕೂತಿರುತ್ತವೆ.

ಟ್ಯೂಬ್‌ಲೆಸ್ ಆಗದ ರಿಮ್ಮಾದರೆ ಟ್ಯೂಬಿನೊಳಗೇ ಸೀಲೆಂಟ್ (ತೂತು ಮುಚ್ಚುವ ದ್ರವ) ಹಾಕಬಹುದು, ವಾಲ್ವಿನ ಒಳಪಿನ್ ತೆಗೆಯಲು ಬರುವಂಥ ಟ್ಯೂಬ್ ಇರಬೇಕು ಅಷ್ಟೇ. ನಮ್ಮ ಬಿಸಿಲಿಗೆ ಅದು ಎರಡು-ಮೂರು ತಿಂಗಳಿಗೆ ಒಣಗುತ್ತದೆ, ಮತ್ತೆ ಹಾಕಬೇಕು. ಪಂಕ್ಚರ್ ಆದಾಗ ಟ್ಯೂಬಿಗೆ ತೇಪೆ ಹಾಕುವ ಮೊದಲು ಟೈರಿನ ಒಳಗೆ ಮುಳ್ಳು ಹುಡುಕಿ. ಬೆರಳು ಆಡಿಸಿದರೆ ಚುಚ್ಚುತ್ತದೆ, ಮುರಿದ ತುದಿ ಸಿಗುವುದೂ ಇಲ್ಲ. ಒಂದು ಉಂಡೆ ಹತ್ತಿ ತಗೊಂಡು ಒಳಗೆಲ್ಲ ಸವರಿ. ಎಲ್ಲಿ ಎಳೆ ಸಿಕ್ಕಿಕೊಳ್ಳುತ್ತದೋ ಅಲ್ಲಿ ಮುಳ್ಳಿದೆ. ಹೊಲದ ದಾರಿಯಲ್ಲಿ ಹತ್ತಿ ಸಿಗುವುದೂ ಕಷ್ಟವಲ್ಲ.

ಎರೆ ಮಣ್ಣಿನ ಬಗ್ಗೆ ಗಟ್ಟಿಯಾಗಿ ಹೇಳುತ್ತೇನೆ: ಒಣಗಿದ್ದಾಗ ಅದರಷ್ಟು ಒಳ್ಳೆಯ ನೆಲ ಇಲ್ಲ, ಮಳೆ ಬಿದ್ದ ಮೇಲೆ ಕಾಲಿಡಬೇಡಿ. ಒಮ್ಮೆ ನವಲಗುಂದದ ಕಡೆ ಹೊಲದ ದಾರಿಯಲ್ಲಿ ಇದ್ದಾಗ ಹತ್ತು ನಿಮಿಷ ಮಳೆ ಬಂತು. ಇಪ್ಪತ್ತು ಮೀಟರ್ ಹೋಗಿರಬೇಕು, ಮಣ್ಣು ಟೈರಿಗೆ ಸುತ್ತಿ ಸುತ್ತಿ ಫ್ರೇಮಿನ ಸಂದಿಯಲ್ಲಿ ಸಿಮೆಂಟಿನ ಹಾಗೆ ಕಚ್ಚಿತು. ಎರಡೂ ಚಕ್ರ ನಿಂತವು. ಜೊತೆಗಿದ್ದ ಗೆಳೆಯ ಗೇರಿನ ಸೈಕಲ್ಲಿನವನು, ಜೋರಾಗಿ ಒಂದು ತುಳಿ ತುಳಿದ. ಡಿರೇಲರು ಕಿತ್ತು ಕಡ್ಡಿಗಳ ನಡುವೆ ಹೋಯಿತು. ನನ್ನದಕ್ಕೆ ಕೀಳಲು ಏನೂ ಇರಲಿಲ್ಲ. ತೊಗರಿ ಕಟ್ಟಿಗೆಯಿಂದ ಮಣ್ಣು ಕೆರೆದು, ಹೆಗಲ ಮೇಲೆ ಹೊತ್ತು ಡಾಂಬರಿಗೆ ಬಂದೆ. ದಪ್ಪ ಟೈರಿನವರಿಗೆ ಸಂದಿ ಕಮ್ಮಿ ಇರುವುದರಿಂದ ಬೇಗ ಕಚ್ಚುತ್ತದೆ. ಅದಕ್ಕೇ ಆ 6 ಮಿ.ಮೀ. ಜಾಗದ ಬಗ್ಗೆ ಅಷ್ಟು ಹೇಳಿದ್ದು. ಚಕ್ರ ನಿಂತ ಕೂಡಲೇ ತುಳಿಯುವುದು ನಿಲ್ಲಿಸಿ, ಇಳಿದು ಎತ್ತಿಕೊಳ್ಳಿ.

ಕೆಂಪು ಗರಸು ಹಾಗಲ್ಲ. ಮಳೆ ನಿಂತು ಒಂದು ಗಂಟೆಗೆ ನೀರು ಇಂಗಿ, ಹರಳು ಕಚ್ಚಿಕೊಂಡು, ವರ್ಷದಲ್ಲೇ ಅತಿ ಒಳ್ಳೆಯ ಹಿಡಿತ ಸಿಗುತ್ತದೆ. ಜೂನ್ ತಿಂಗಳಲ್ಲಿ ಕೆಲಗೇರಿ ದಾಟಿ ಪಶ್ಚಿಮಕ್ಕೆ ಹೋಗಲು ನನಗೆ ಕಾರಣ ಬೇಕಿಲ್ಲ. ದಾಂಡೇಲಿ, ಹಳಿಯಾಳದ ಕಡೆ ಕಾಡಿನೊಳಗಿನ ದಾರಿ ಅರಣ್ಯ ಇಲಾಖೆಯದು. ಅನುಮತಿ ಕೇಳದೆ ಒಳಗೆ ಹೋಗಬೇಡಿ.

ಮೊದಲ ತಿಂಗಳ ಆರೈಕೆ

ಜೊತೆಗೆ ಒಂದು ಟ್ಯೂಬು, ಪಂಪು, ತೇಪೆ ಸಾಮಾನು, ಒಂದು ಕ್ವಿಕ್ ಲಿಂಕ್, ಆಕ್ಸಲ್ ನಟ್ಟಿಗೆ 15 ನಂಬರ್ ಪಾನಾ ಇರಲಿ. ಪಾನಾ ಮರೆತು ಹೋದರೆ ಪಂಕ್ಚರ್ ಆದಾಗ ಹಿಂದಿನ ಚಕ್ರ ಬಿಚ್ಚಲಾಗುವುದಿಲ್ಲ.

ಹೊಸ ಚೈನ್ ಮೊದಲ 150-200 ಕಿಲೋಮೀಟರ್‌ನಲ್ಲಿ ಕೂತು ಸ್ವಲ್ಪ ಸಡಿಲ ಆಗುತ್ತದೆ. ಆಗ ಚಕ್ರವನ್ನು ಒಂದೆರಡು ಮಿ.ಮೀ. ಹಿಂದಕ್ಕೆ ಎಳೆದು ಬಿಗಿಯಿರಿ. ಚಕ್ರ ನಡುವಿಗೆ ನಿಂತಿದೆಯೋ ಎಡಬಲ ಸಂದಿಯಲ್ಲಿ ಬೆರಳಿಟ್ಟು ನೋಡಿ. ರಿಮ್ಮನ್ನು ಒತ್ತುವ ರಬ್ಬರ್ ತುಂಡು, ಅಂದರೆ ಬ್ರೇಕ್ ಗುಬ್ಬಿಯೂ ಆಗ ಸರಿಸಬೇಕಾಗುತ್ತದೆ, ಯಾಕೆಂದರೆ ರಿಮ್ಮು ಹಿಂದೆ ಹೋಗಿರುತ್ತದೆ. ವಿ-ಬ್ರೇಕಿನವರು ಇದನ್ನು ಮರೆತರೆ ಗುಬ್ಬಿ ಟೈರಿನ ಪಕ್ಕ ಉಜ್ಜಿ ದಾರ ಹರಿಯುತ್ತದೆ. ಚೈನಿನ ಸವೆತ ನೋಡಲು 12 ಇಂಚಿನ ಉಕ್ಕಿನ ಸ್ಕೇಲು ಸಾಕು. ಒಂದು ಪಿನ್ನಿನ ನಡುವೆ ಸೊನ್ನೆ ಇಟ್ಟರೆ 12ರ ಗೆರೆಯೂ ಒಂದು ಪಿನ್ನಿನ ನಡುವೆಯೇ ಬರಬೇಕು. ಪಿನ್ನು ಗೆರೆಯಿಂದ ಒಂದೂವರೆ ಮಿ.ಮೀ. ಆಚೆ ಹೋಗಿದ್ದರೆ ಚೈನ್ ಬದಲಿಸಿ. ತಡ ಮಾಡಿದರೆ ಹಿಂದಿನ ಬಿಲ್ಲೆಯೂ ಸವೆದು, ನಿಂತು ತುಳಿಯುವಾಗಲೇ ಚೈನ್ ಜಿಗಿಯಲು ಶುರುವಾಗುತ್ತದೆ.